ಕಲಾಸಂಸ್ಥೆಗೆ ದುಡ್ಡು ಕೊಡುವಾಗ ಷರತ್ತು ಹಾಕಬೇಕೇ? – ಪ್ರಶ್ನೋತ್ತರ

ಗುಂಪಿನ ಗಮನಕ್ಕೆ: ಸಂಗೀತ, ಚಿತ್ರಕಲೆ, ನೃತ್ಯ ಕಲಿಸುವ ಲಾಭರಹಿತ ಸಂಸ್ಥೆಗಳ ಲೆಕ್ಕಪತ್ರ ನೋಡುವ ಆಡಿಟರ್ ಮೇಡಂ ಈ ವಾರ ನಿಮ್ಮ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.

ಪ್ರಶ್ನೆ: ನಮಸ್ಕಾರ ಮೇಡಂ. ಮನೆ ಹತ್ತಿರದ ಒಂದು ಸಣ್ಣ ಸಂಸ್ಥೆಯಲ್ಲಿ ಮಕ್ಕಳಿಗೂ ವಯಸ್ಸಾದವರಿಗೂ ಹಾಡು, ಚಿತ್ರ, ನೃತ್ಯ ಹೇಳಿಕೊಡುತ್ತಾರೆ. ತಿಂಗಳಿಗಿಷ್ಟು ಅಂತ ಕೊಡೋಣ ಅಂದುಕೊಂಡಿದ್ದೇನೆ. ಆದರೆ ಅವರ ವಾರ್ಷಿಕ ಲೆಕ್ಕ ನೋಡಿದರೆ ಮುಕ್ಕಾಲು ಪಾಲು ಸಂಬಳ, ಬಾಡಿಗೆಗೇ ಹೋಗಿದೆ. ‘ನನ್ನ ದುಡ್ಡಿನಲ್ಲಿ ವಾದ್ಯ ಮಾತ್ರ ಕೊಳ್ಳಬೇಕು’ ಅಂತ ಷರತ್ತು ಹಾಕಲೇ?

ಉತ್ತರ: ದಯವಿಟ್ಟು ಹಾಕಬೇಡಿ. ಮುಕ್ಕಾಲು ಪಾಲು ಸಂಬಳ, ಬಾಡಿಗೆ ಅಂದರೆ ನನಗೇನೂ ಗಾಬರಿಯಾಗುವುದಿಲ್ಲ. ಆ ಸಂಬಳ ಪಾಠ ಹೇಳುವವರಿಗೆ ಹೋಗುತ್ತಿದೆಯೇ ಅನ್ನುವುದನ್ನಷ್ಟೇ ನೋಡುತ್ತೇನೆ. ಕಲಿಸುವ ಸಂಸ್ಥೆಯಲ್ಲಿ ಕಲಿಸುವವರಿಗೆ ಕೊಡುವ ಸಂಬಳವೇ ಮುಖ್ಯ ಕೆಲಸದ ಖರ್ಚು, ಅದು ಆಡಳಿತದ ಮೇಲುಖರ್ಚಲ್ಲ.

ಇದರ ಹಿಂದಿನ ಕಾರಣವನ್ನು ವಿಲಿಯಂ ಬೌಮೋಲ್, ವಿಲಿಯಂ ಬೋವೆನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1966ರಲ್ಲೇ ಬಿಡಿಸಿಟ್ಟಿದ್ದಾರೆ. ನಾಲ್ವರು ಸೇರಿ ನುಡಿಸುವ ಕೃತಿಗೆ ಇನ್ನೂರು ವರ್ಷದ ಹಿಂದೆ ಎಷ್ಟು ಜನ, ಎಷ್ಟು ಹೊತ್ತು ಬೇಕಿತ್ತೋ ಇವತ್ತಿಗೂ ಅಷ್ಟೇ ಬೇಕು. ಕಾರ್ಖಾನೆಗೆ ಯಂತ್ರ ಬಂದರೆ ಒಬ್ಬರ ಕೈಯಲ್ಲೇ ಹತ್ತು ಜನರ ಕೆಲಸ ಆಗುತ್ತದೆ, ಕೂಲಿಯೂ ಏರುತ್ತದೆ. ಮನೆ ಬಾಡಿಗೆ, ಜೀವನದ ಖರ್ಚು ಕಲಾವಿದರಿಗೂ ಅದೇ ಲೆಕ್ಕದಲ್ಲಿ ಏರುತ್ತದೆ. ಆದರೆ ಅರ್ಧ ಗಂಟೆಯ ಪಾಠವನ್ನು ಹತ್ತು ನಿಮಿಷಕ್ಕೆ ಇಳಿಸಲಾಗದು. ಹಾಗಾಗಿ ಶುಲ್ಕ, ಟಿಕೆಟ್ ಹಣದಿಂದಲೇ ಖರ್ಚು ತೂಗಿಸಲು ಆಗುವುದಿಲ್ಲ. ಆ ಕೊರತೆ ಕಂಡ ಕೂಡಲೇ ಆಡಳಿತ ಸರಿಯಿಲ್ಲ ಅಂದುಕೊಳ್ಳಬೇಡಿ.

2013ರಲ್ಲಿ ಅಮೆರಿಕದ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್, ಬಿಬಿಬಿ ವೈಸ್ ಗಿವಿಂಗ್ ಅಲೈಯನ್ಸ್ ಎಂಬ ಮೂರು ಸಂಸ್ಥೆಗಳು ದಾನಿಗಳಿಗೆ ಬಹಿರಂಗ ಪತ್ರ ಬರೆದವು. ಸಂಸ್ಥೆಗಳ ಬಗ್ಗೆ ದಾನಿಗಳಿಗೆ ಮಾಹಿತಿ ಕೊಡುವುದೇ ಇವುಗಳ ಕೆಲಸ. ಆಡಳಿತ ವೆಚ್ಚ ಶೇಕಡಾ ಎಷ್ಟು ಎಂಬುದನ್ನೇ ಹಿಡಿದು ಸಂಸ್ಥೆಯನ್ನು ಅಳೆಯಬೇಡಿ ಎಂಬುದು ಆ ಪತ್ರದ ಸಾರ.

ಇನ್ನು ವಾದ್ಯದ ಮಾತು. ಪಿಟೀಲನ್ನೇ ತೆಗೆದುಕೊಳ್ಳಿ. ಚಿಕ್ಕ ಮಕ್ಕಳಿಗೆ ಪೂರ್ತಿ ಅಳತೆಯದು ಹಿಡಿಯಲು ಬರುವುದಿಲ್ಲ. ಕಾಲಳತೆ, ಅರ್ಧ ಅಳತೆ, ಮುಕ್ಕಾಲು ಅಳತೆ ಅಂತ ಕೈ ಬೆಳೆದ ಹಾಗೆ ಬದಲಾಯಿಸುತ್ತಾ ಹೋಗಬೇಕು. ತಂತಿ ಹರಿಯುತ್ತದೆ, ಕಮಾನಿನ ಕೂದಲು ಸವೆಯುತ್ತದೆ, ಬಿರಡೆ ಜಾರುತ್ತದೆ. ದಾನಿಯ ಹೆಸರು ಕೆತ್ತಿಸಿದ ವಾದ್ಯ ಒಂದು ತಂತಿಗೆ ದುಡ್ಡಿಲ್ಲದೆ ಬೀರುವಿನಲ್ಲಿ ಕೂತಿರುವುದನ್ನು ದಾಸ್ತಾನು ಎಣಿಸುವಾಗ ಕಣ್ಣಾರೆ ನೋಡಿದ್ದೇನೆ. ಪಕ್ಕದ ಕೋಣೆಯಲ್ಲಿ ಒಂದೇ ವಾದ್ಯ ಇಟ್ಟುಕೊಂಡು ಇಬ್ಬರು ಮಕ್ಕಳು ಸರದಿಗೆ ಕಾಯುತ್ತಿದ್ದರು. ಕೊಟ್ಟವರ ಮನಸ್ಸು ಒಳ್ಳೆಯದೇ, ಷರತ್ತಿನಿಂದಾಗಿ ಸಂಸ್ಥೆಯ ಕೈ ಕಟ್ಟಿತ್ತು, ಅಷ್ಟೇ.

ಪ್ರಶ್ನೆ: ಹಾಗಾದರೆ ನಂಬುವುದು ಹೇಗೆ ಮೇಡಂ? ಹೆಸರಿಗಷ್ಟೇ ಇರುವ ಸಂಸ್ಥೆಗಳೂ ಇವೆಯಲ್ಲ.

ಉತ್ತರ: ಇವೆ, ವಿಚಾರಿಸಲೇಬೇಕು. ನೋಂದಣಿ ಪತ್ರ, ಆಡಿಟ್ ಆದ ಲೆಕ್ಕ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿಕೊಂಡರೆ ಅಲ್ಲಿಗೆ ಬಿಡಿ. ಆಡಳಿತ ಮಂಡಳಿಯಲ್ಲಿ ಒಂದೇ ಮನೆಯವರು ತುಂಬಿದ್ದಾರೆಯೇ ನೋಡಿ. ಕಲಿಸುವವರಿಗೆ ಸಂಬಳ ತಿಂಗಳು ತಿಂಗಳೂ ಸಿಗುತ್ತಿದೆಯೇ ಅಂತ ಕಲಿಸುವವರನ್ನೇ ಕೇಳಿ.

ವಾರ್ಷಿಕೋತ್ಸವಕ್ಕಿಂತ ಒಂದು ಮಾಮೂಲಿ ದಿನದ ತರಗತಿಗೆ ಹೋಗಿ, ಹಿಂದೆ ಕೂತು ನೋಡುವುದು ಮೇಲು. ಹಾಜರಿ ಪುಸ್ತಕದಲ್ಲಿ ವರ್ಷದ ಆರಂಭದ ಹೆಸರುಗಳು ವರ್ಷದ ಕೊನೆಯಲ್ಲೂ ಇವೆಯೇ? ಶುಲ್ಕ ಕಟ್ಟಲಾಗದ ಮಗುವಿಗೆ ಬೇರೆಯವರಿಗೆ ಗೊತ್ತಾಗದ ಹಾಗೆ ರಿಯಾಯಿತಿ ಸಿಗುತ್ತದೆಯೇ? ನೃತ್ಯ ತರಗತಿಯಾದರೆ ನೆಲ ನೋಡಿ. ಬರೀ ಕಾಂಕ್ರೀಟ್ ಮೇಲೆ ದಿನವೂ ಕುಣಿದರೆ, ನೆಗೆದರೆ ಮೊಣಕಾಲು, ಕಣಕಾಲು ಪೆಟ್ಟು ತಿನ್ನುತ್ತವೆ. ಕೆಳಗೆ ಸ್ವಲ್ಪ ಪುಟಿಯುವ ಹಾಗೆ ಹಾಸಿದ ಮರದ ನೆಲ ಬೇಕು. ಫೋಟೋದಲ್ಲಿ ಯಾರೂ ಗಮನಿಸದ ಈ ನೆಲಕ್ಕೆ ಪ್ರಾಯೋಜಕರು ಸಿಗುವುದೇ ಇಲ್ಲ. ಸಂಸ್ಥೆಯೇ ಅದಕ್ಕೆ ಉಳಿತಾಯ ಮಾಡುತ್ತಿದೆ ಅಂದರೆ ಅವರಿಗೆ ಮಕ್ಕಳ ಮೇಲೆ ಕಾಳಜಿ ಇದೆ.

ಪ್ರಶ್ನೆ: ಬೇಸರ ಮಾಡಿಕೊಳ್ಳಬೇಡಿ, ಕೇಳಲೇಬೇಕು. ಆಸ್ಪತ್ರೆ, ಶಾಲೆಗೇ ದುಡ್ಡು ಸಾಲದಿರುವಾಗ ಹಾಡು ಕುಣಿತಕ್ಕೆ ಕೊಡುವುದು ಸರಿಯೇ?

ಉತ್ತರ: ಬೇಸರ ಯಾಕೆ, ನ್ಯಾಯವಾದ ಪ್ರಶ್ನೆ. ಆಸ್ಪತ್ರೆಗೆ ಕೊಡುವುದನ್ನು ನಿಲ್ಲಿಸಿ ಇಲ್ಲಿಗೆ ಕೊಡಿ ಅಂತ ನಾನು ಹೇಳುವುದಿಲ್ಲ. ಕಲೆ ಔಷಧಿಗೆ ಬದಲಿಯೂ ಅಲ್ಲ. ಆದರೆ ಎರಡೂ ಸಂಬಂಧವಿಲ್ಲದ ಲೋಕಗಳೆಂಬ ಮಾತನ್ನು ಒಪ್ಪಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ, ಕಾಯಿಲೆ ತಡೆಯುವುದರಲ್ಲೂ ಕಾಯಿಲೆಯೊಂದಿಗೆ ಬದುಕುವುದರಲ್ಲೂ ಕಲೆಗೆ ಪಾತ್ರವಿದೆ ಎಂದು ವರದಿ ಕೊಟ್ಟಿತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ನೃತ್ಯ ತಂಡ 2001ರಲ್ಲಿ ಕೈಕಾಲು ನಡುಗುವ, ಚಲನೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆ ಇರುವವರಿಗಾಗಿ ತರಗತಿ ಶುರುಮಾಡಿತು. ಅಲ್ಲಿ ಅವರನ್ನು ರೋಗಿಗಳೆಂದು ಕಾಣುವುದಿಲ್ಲ, ನೃತ್ಯ ಕಲಿಯುವವರೆಂದೇ ಕಾಣುತ್ತಾರೆ. ನನಗೆ ಬಹಳ ಇಷ್ಟವಾದ ಸಂಗತಿ ಅದು.

ಪ್ರಶ್ನೆ: ನಮ್ಮದು ಸಣ್ಣ ವ್ಯಾಪಾರ. ವರ್ಷಕ್ಕೊಂದು ಕಾರ್ಯಕ್ರಮಕ್ಕೆ ಪ್ರಾಯೋಜಕರಾಗಿ, ಬ್ಯಾನರ್‌ನಲ್ಲಿ ಹೆಸರು ಹಾಕಿಸಿಕೊಂಡರೆ ಸಾಕೇ?

ಉತ್ತರ: ಹೆಸರು ಹಾಕಿಸಿಕೊಳ್ಳಿ, ತಪ್ಪೇನಿಲ್ಲ. ಕಾರ್ಯಕ್ರಮದ ಜೊತೆಗೆ ಅದರ ತಾಲೀಮಿಗೂ ಕಲಾವಿದರಿಗೆ ಸಂಭಾವನೆ ಸಿಗುವಷ್ಟು ಕೊಡಿ. ಒಂದೂವರೆ ಗಂಟೆಯ ಪ್ರದರ್ಶನದ ಹಿಂದೆ ವಾರಗಟ್ಟಲೆ ತಾಲೀಮು ಇರುತ್ತದೆ. ಸಾಧ್ಯವಾದರೆ ಮೂರು ವರ್ಷ ಕೊಡುತ್ತೇವೆಂದು ಬರೆದುಕೊಡಿ. ಮೊತ್ತ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ. ಮುಂದಿನ ವರ್ಷ ದುಡ್ಡು ಬರುತ್ತದೆಂದು ಗೊತ್ತಿದ್ದರೆ ಶಿಕ್ಷಕರನ್ನು ಧೈರ್ಯವಾಗಿ ನೇಮಿಸಿಕೊಳ್ಳಬಹುದು.

ಇನ್ನೊಂದು ದಾರಿ, ‘ಊರವರು ಎಷ್ಟು ಕೂಡಿಸುತ್ತಾರೋ ಅಷ್ಟನ್ನು ನಾವೂ ಹಾಕುತ್ತೇವೆ’ ಅನ್ನುವುದು. 1965ರಲ್ಲಿ ಹುಟ್ಟಿದ ಅಮೆರಿಕದ ರಾಷ್ಟ್ರೀಯ ಕಲಾ ನಿಧಿಯೂ ಬಹುತೇಕ ಅನುದಾನಗಳಿಗೆ ಇಂಥ ಸಮಪಾಲು ಕೇಳುತ್ತದೆ. ನಿಮ್ಮ ದುಡ್ಡಿನ ಜೊತೆ ಹತ್ತಾರು ಸಣ್ಣ ದಾನಿಗಳೂ ಸಂಸ್ಥೆಗೆ ಸಿಗುತ್ತಾರೆ. ತೆರಿಗೆ ವಿನಾಯಿತಿ ನಿಯಮ ದೇಶಕ್ಕೊಂದು ಥರ, ಅದನ್ನು ನಿಮ್ಮ ಲೆಕ್ಕಿಗರ ಹತ್ತಿರವೇ ಕೇಳಿ.

ಪ್ರಶ್ನೆ: ಕೊಡುವುದಕ್ಕೆ ದುಡ್ಡಿಲ್ಲ ಅಕ್ಕ. ಬ್ಯಾಂಕಿನಲ್ಲಿದ್ದು ನಿವೃತ್ತನಾದವನು, ಹಾಡಲೂ ಬರುವುದಿಲ್ಲ. ನನ್ನಿಂದೇನಾದರೂ ಉಪಯೋಗ ಇದೆಯೇ?

ಉತ್ತರ: ಇಂಥವರನ್ನೇ ಸಂಸ್ಥೆಗಳು ಹುಡುಕುತ್ತಿರುತ್ತವೆ ಸರ್! ಅನೇಕ ಕಡೆ ನೃತ್ಯ ಕಲಿಸುವವರೇ ರಾತ್ರಿ ಕೂತು ರಸೀದಿ ಅಂಟಿಸುತ್ತಾರೆ, ಅನುದಾನದ ಅರ್ಜಿ ತುಂಬುತ್ತಾರೆ. ವಾರಕ್ಕೊಂದು ಸಂಜೆ ನೀವು ರಸೀದಿ ಪುಸ್ತಕವನ್ನೂ ಬ್ಯಾಂಕ್ ಖಾತೆಯನ್ನೂ ತಾಳೆ ನೋಡಿಕೊಟ್ಟರೆ ಅಷ್ಟು ಹೊತ್ತು ಅವರಿಗೆ ಪಾಠಕ್ಕೆ ಸಿಗುತ್ತದೆ. ಮುಂದೆ ಖಜಾಂಚಿಯಾಗಿ ಅಂತ ಅವರೇ ಕೇಳಬಹುದು. ಒಪ್ಪಿಕೊಂಡ ಮೇಲೆ ತಪ್ಪದೆ ಹೋಗಿ. ಹೋಗಲು ಶುರುಮಾಡುವುದನ್ನು ಆಡಿಟ್‌ಗೆ ಎರಡು ಮೂರು ತಿಂಗಳು ಮೊದಲೇ ಮಾಡಿ. ಆಡಿಟ್ ಹತ್ತಿರ ಬಂದಾಗ ನಿಮಗೆ ಕೆಲಸ ತೋರಿಸಿಕೊಡಲೂ ಅವರಿಗೆ ಪುರುಸೊತ್ತಿರುವುದಿಲ್ಲ.