ಬಾವಿಯ ಹಾಗೆ ನೇರ ಇಳಿಯುವ ಗವಿ: ಹಗ್ಗದಲ್ಲಿ ಇಳಿದವರು ಅನುಭವ ಹೇಳಿ

ಕೇಳಿದ್ದು: ಮೂಡಿಗೆರೆ ಹತ್ತಿರ ದೊಡ್ಡಪ್ಪನ ಕಾಫಿ ತೋಟದ ಅಂಚಿನಲ್ಲಿ ಒಂದು ಗವಿ ಇದೆ. ಬಾಯಿ ಕಿರಿದು, ಸುತ್ತ ಜಂಬಿಟ್ಟಿಗೆ ಕಲ್ಲು. ಕಲ್ಲು ಬಿಟ್ಟರೆ ಒಂದೂವರೆ ಸೆಕೆಂಡಿಗೆ ಸದ್ದು ಬರುತ್ತದೆ. ನಾನು, ತಮ್ಮ, ಇಬ್ಬರು ಗೆಳೆಯರು ಇಳಿದು ನೋಡಬೇಕು ಅಂತಿದ್ದೇವೆ. ಬಾವಿಗೆ ಬಳಸುವ ನೈಲಾನ್ ಹಗ್ಗ ಇದೆ. ಸಾಕಾ?

ಚಿಕ್ಕಮಗಳೂರಿನಿಂದ: ಸಾಲದು ತಮ್ಮಾ. ಒಂದೂವರೆ ಸೆಕೆಂಡು ಅಂದರೆ ಹತ್ತಿರ ಹತ್ತಿರ 11 ಮೀಟರ್. ಹುರಿ ಹೊಸೆದ ಹಗ್ಗಕ್ಕೆ ಮೈಭಾರ ಬಿದ್ದರೆ ಹುರಿ ಬಿಚ್ಚಿಕೊಂಡು ನೀವು ಗಿರಗಿರ ತಿರುಗುತ್ತೀರಿ. ಬೇಕಾದ್ದು 10ರಿಂದ 11 ಮಿ.ಮೀ. ದಪ್ಪದ ಸ್ಟ್ಯಾಟಿಕ್ ಹಗ್ಗ, ಅಂದರೆ ಹೆಚ್ಚು ಜಗ್ಗದ ಹಗ್ಗ. ಬಂಡೆ ಹತ್ತುವವರ ಡೈನಮಿಕ್ ಹಗ್ಗ ಬೇಡ, ಅದು ಜಗ್ಗುತ್ತದೆ. ಜಗ್ಗಿದಷ್ಟೂ ಕಲ್ಲಂಚಿಗೆ ಉಜ್ಜುತ್ತದೆ. ಅಂಚಿಗೆ ಎರಡು ಪದರ ಗೋಣಿಚೀಲ ಹಾಸಿ, ಅದು ಜಾರದಂತೆ ಕಟ್ಟಿ. ಹಗ್ಗವನ್ನು ಎರಡು ಬೇರೆ ಬೇರೆ ಮರಗಳಿಗೆ, ಬುಡದಲ್ಲೇ ಕಟ್ಟಬೇಕು. ಹಗ್ಗದ ಕೆಳತುದಿಗೆ ದಪ್ಪ ಗಂಟು ಹಾಕುವುದನ್ನು ಯಾವತ್ತೂ ಬಿಡಬೇಡಿ. ಹಗ್ಗ ನೆಲ ಮುಟ್ಟದಿದ್ದರೆ ಉಳಿಸುವುದು ಆ ಗಂಟೇ.

ಇನ್ನು ಮುಖ್ಯ ವಿಷಯ. ಎಲ್ಲರೂ ಇಳಿಯುವುದನ್ನೇ ಕೇಳುತ್ತಾರೆ. ಇಳಿಯುವುದು ಸುಲಭ, ಭೂಮಿಯೇ ಎಳೆದುಕೊಳ್ಳುತ್ತದೆ. ಹತ್ತುವುದು ಹೇಗೆ? ಎದೆಗೊಂದು, ಕೈಗೊಂದು ಅಸೆಂಡರ್ (ಹಗ್ಗದ ಮೇಲೆ ಮೇಲಕ್ಕೆ ಸರಿಯುತ್ತದೆ, ಕೆಳಕ್ಕೆ ಜಾರದೆ ಕಚ್ಚಿ ಹಿಡಿಯುತ್ತದೆ), ಕಾಲಿಗೆ ಕುಣಿಕೆ. ಕೂತು, ಎದ್ದು, ಕೂತು, ಎದ್ದು ಮೇಲೆ ಬರಬೇಕು. ನಡುವೆ ನಿಂತು, ಹತ್ತುವುದರಿಂದ ಇಳಿಯುವುದಕ್ಕೆ ಬದಲಾಯಿಸಲೂ ಬರಬೇಕು. ಇದನ್ನು ಕಲಿಸುವವರ ಜೊತೆ, ಮನೆ ಮುಂದಿನ ಹಲಸಿನ ಮರದಲ್ಲಿ ಸುಸ್ತಾಗುವಷ್ಟು ಮಾಡಿ. ಸುಸ್ತಾಗಿ, ಸೊಂಟಕ್ಕೂ ತೊಡೆಗೂ ಬಿಗಿಯುವ ಪಟ್ಟಿ ಅಂದರೆ ಹಾರ್ನೆಸ್‌ನಲ್ಲಿ ಅಲುಗಾಡದೆ ನೇತಾಡುವುದು ತುಂಬಾ ಅಪಾಯ. ರಕ್ತ ಕಾಲಲ್ಲೇ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ನಾಲ್ವರಿಗೂ ಹತ್ತಲು ಬರುವವರೆಗೆ ಗವಿಯ ಹತ್ತಿರ ಹಗ್ಗ ಒಯ್ಯಲೇಬೇಡಿ.

ಸಕಲೇಶಪುರದಿಂದ: ಗಾಳಿಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ತೋಟದ ತರಗೆಲೆ ಗವಿಗೆ ಬಿದ್ದು ಕೊಳೆತರೆ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಲ್ಲುತ್ತದೆ. ನಮ್ಮ ಕಡೆ ಹಳೇ ಬಾವಿಗೆ ಇಳಿಯುವ ಮುಂಚೆ ದೀಪ ಇಳಿಸಿ ನೋಡುತ್ತಾರೆ. ಆರಿದರೆ ಇಳಿಯಬಾರದು, ಸರಿ. ಆದರೆ ಉರಿಯುತ್ತಿದ್ದರೆ ಗಾಳಿ ಚೆನ್ನಾಗಿದೆ ಅಂತ ಅಲ್ಲ. ಈ ಅನಿಲ ಮನುಷ್ಯನಿಗೆ ಅಪಾಯವಾಗುವಷ್ಟಿದ್ದರೂ ದೀಪ ಉರಿಯಬಹುದು. ಗಾಳಿಯಲ್ಲಿ ಈ ಅನಿಲ ಎಷ್ಟಿದೆ ಅಂತ ಅಳೆಯುವ ಗ್ಯಾಸ್ ಮೀಟರ್ ಸಿಕ್ಕರೆ ಅದನ್ನೇ ಇಳಿಸಿ. ಸುಮ್ನೆ ಇದ್ದಾಗಲೂ ಏದುಸಿರು, ತಲೆನೋವು ಬಂದರೆ ತಕ್ಷಣ ಮೇಲೆ ಬನ್ನಿ. ಕೆಳಗೆ ಒಬ್ಬ ಕುಸಿದರೆ ಇನ್ನೊಬ್ಬ ಹಾಗೇ ಇಳಿಯಬಾರದು, ತಮ್ಮನೇ ಆದರೂ. ಬಾವಿಗಳಲ್ಲಿ ಒಬ್ಬರ ಹಿಂದೆ ಒಬ್ಬರು ಸಾಯುವುದು ಹೀಗೇ. 112ಕ್ಕೆ ಕರೆ ಮಾಡಿ.

ಆಲೂರಿನಿಂದ: ಬಾಯಿ ಹತ್ತಿರ ಹೆಜ್ಜೇನು ಇದ್ದರೆ ಆ ದಿನ ವಾಪಸ್ ಹೋಗಿ. ಹಗ್ಗದಲ್ಲಿ ನೇತಾಡುವವನು ಓಡುವುದೆಲ್ಲಿಗೆ? ಬಾವಲಿ ಹಿಕ್ಕೆ ಇದ್ದರೆ ಮಾಸ್ಕ್ ಬೇಕು, ಅದರ ಧೂಳಿನಿಂದ ಶ್ವಾಸಕೋಶಕ್ಕೆ ಸೋಂಕು ಬರಬಹುದು. ಮರಿ ಇರುವ ಬಾವಲಿಗಳಿದ್ದರೆ ದಯವಿಟ್ಟು ಒಳಗೆ ಹೋಗಲೇಬೇಡಿ.

ಹೆಲ್ಮೆಟ್, ತಲೆಗೆ ಕಟ್ಟುವ ಟಾರ್ಚ್, ಅದಲ್ಲದೆ ಇನ್ನೆರಡು ಬೆಳಕು ಪ್ರತಿಯೊಬ್ಬರಿಗೂ ಬೇಕು. ಒಳಗೆ ಕೂಗಿದ ಮಾತು ತಿಳಿಯುವುದಿಲ್ಲ, ಸೀಟಿ ಇಟ್ಟುಕೊಳ್ಳಿ. ಒಂದು ಸಲ ಊದಿದರೆ ನಿಲ್ಲು, ಎರಡು ಅಂದರೆ ಮೇಲೆ, ಮೂರು ಅಂದರೆ ಕೆಳಗೆ. ಗುಡ್ಡ ಅರಣ್ಯ ಇಲಾಖೆಗೆ ಸೇರಿದ್ದರೆ ಅನುಮತಿ ಕೇಳಿ. ಮಳೆಗಾಲದಲ್ಲಿ ಬೇಡ, ನೆನೆದ ಅಂಚಿನಿಂದ ಕಲ್ಲು ಕಳಚುತ್ತದೆ. ಜನವರಿ, ಫೆಬ್ರವರಿ ಒಳ್ಳೆಯದು. ಎಷ್ಟು ಹೊತ್ತಿಗೆ ವಾಪಸ್ ಬರುತ್ತೀರಿ ಅಂತ ದೊಡ್ಡಪ್ಪನಿಗೆ ಹೇಳಿ ಹೋಗಿ, ಆ ಹೊತ್ತು ಮೀರಿದರೆ ಯಾರಿಗೆ ಫೋನ್ ಮಾಡಬೇಕು ಅಂತ ಬರೆದೂ ಕೊಡಿ.