ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆಯ ಸುತ್ತ ಮನೆಗಳು ಬಂದದ್ದು ಹೇಗೆ?

ಜೆಪ್ಪುವಿನ ಮೊಮ್ಮಗಳು:
ಅಜ್ಜಿ ಮನೆಯ ಮಾಡು ಬಿಚ್ಚುವಾಗ ಒಂದು ಹಂಚು ಸಿಕ್ಕಿತು. ಹಿಂಬದಿಯಲ್ಲಿ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ) ಹೆಸರು, 1865 ಅಂತ ಅಚ್ಚು, ಅಂಚಿನಲ್ಲಿ ಯಾರದೋ ಹೆಬ್ಬೆರಳಿನ ಗುರುತು. ಹಸಿ ಮಣ್ಣಿನಲ್ಲಿ ಒತ್ತಿದ್ದು ಹಾಗೇ ಸುಟ್ಟು ಗಟ್ಟಿಯಾಗಿದೆ. ಇದು ಅಷ್ಟು ಹಳೆಯದಾ? ಕೆಲಸದವರೆಲ್ಲ ಕಾರ್ಖಾನೆ ಹತ್ತಿರವೇ ಯಾಕೆ ಮನೆ ಮಾಡಿದರು?

ಬೋಳಾರದವ:
1865 ಕಾರ್ಖಾನೆ ಶುರುವಾದ ವರ್ಷ, ನಿಮ್ಮ ಹಂಚಿನದ್ದು ಅಂತ ಹೇಳಲಿಕ್ಕಾಗದು. ಮಿಷನರಿ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಶುರು ಮಾಡಿದ್ದು. ನೇತ್ರಾವತಿ ದಡದ ಜೇಡಿಮಣ್ಣು ಹಂಚಿಗೆ ಹೇಳಿ ಮಾಡಿಸಿದ ಹಾಗಿತ್ತು, ಮಣ್ಣು, ಸೌದೆ ದೋಣಿಯಲ್ಲೇ ಬರುತ್ತಿತ್ತು. ಮೊದಮೊದಲು ಎತ್ತು ಕಟ್ಟಿ ಮಣ್ಣು ಅರೆಯುತ್ತಿದ್ದರು.

ಮನೆಯ ಕಥೆ ಬೇರೆ. ಆಗ ಕ್ರೈಸ್ತರಾದವರನ್ನು ಜಾತಿಯವರು, ಎಷ್ಟೋ ಸಲ ಸ್ವಂತ ಮನೆಯವರೇ ಹೊರಗೆ ಹಾಕುತ್ತಿದ್ದರು. ಕುಲಕಸುಬೂ ಹೋಯಿತು, ಗೇಣಿ ಗದ್ದೆಯೂ ಹೋಯಿತು. ಅವರಿಗೆ ಕೂಲಿ, ಸೂರು ಎರಡೂ ಬೇಕಿತ್ತು. ಮಂಗಳೂರಿನದೇ ಬಲ್ಮಠದಲ್ಲಿ ನೇಯ್ಗೆ ಶುರುವಾದದ್ದಕ್ಕೂ ಇದೇ ಕಾರಣ. ಹಾಗಾಗಿ ಮಿಷನ್ ಕೊಟ್ಟ ಕೆಲಸ, ಮನೆ, ಶಾಲೆ, ಚರ್ಚು ಎಲ್ಲ ಒಂದೇ ಕಡೆ. ಒಳ್ಳೆಯದೇ, ಆದರೆ ಒಂದೇ ಕೈಯಲ್ಲಿ ಕೂಲಿಯೂ ಮನೆಯೂ ಇದ್ದರೆ ಕೆಲಸದವನಿಗೆ ಬಾಯಿ ಬಿಡುವುದು ಕಷ್ಟ ಅಲ್ವಾ? ಅದನ್ನೂ ನೆನಪಿಡಬೇಕು.

ಕುದ್ರೋಳಿ ಅಣ್ಣ:
ಕುದ್ರೋಳಿ, ಮಲ್ಪೆಯಲ್ಲೂ ಮಿಷನ್ ಹಂಚಿನ ಕಾರ್ಖಾನೆ ಇತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಅದನ್ನೆಲ್ಲ ವಶಪಡಿಸಿಕೊಂಡು, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಬ್ರಿಟಿಷ್ ಸಂಸ್ಥೆಗೆ ಕೊಟ್ಟರು. ಧಣಿ ಬದಲಾದರು, ಕೆಲಸದವರು ಅವರೇ.

ನಮ್ಮ ದೊಡ್ಡಮ್ಮ ಹಂಚಿನ ಕಾರ್ಖಾನೆಯಲ್ಲೇ ದುಡಿದವರು. ಪ್ರೆಸ್ಸಿನಿಂದ ಬಂದ ಹಸಿ ಹಂಚಿನ ಅಂಚು ಕತ್ತರಿಸಿ, ಹಲಗೆ ಮೇಲಿಟ್ಟು ಒಣಗಿಸಲು ಸಾಗಿಸುವುದು, ಬೆಳಗ್ಗಿನಿಂದ ಸಂಜೆವರೆಗೆ ಅದೇ. ಹಂಚು ಬಗ್ಗಿದರೆ ಭಟ್ಟಿಗೆ ಹೋಗುವುದಿಲ್ಲ, ಹಾಗಾಗಿ ಮಗುವನ್ನು ಎತ್ತಿದ ಹಾಗೆ ಎತ್ತಬೇಕು ಅಂತ ಹೇಳುತ್ತಿದ್ದರು. ಮಳೆಗಾಲದಲ್ಲಿ ಹಂಚು ಒಣಗುವುದೇ ಇಲ್ಲ, ಆಗ ಕೆಲಸವೂ ಕಡಿಮೆ, ಕೈಯಲ್ಲಿ ಕಾಸೂ ಕಡಿಮೆ. ನಿಮ್ಮ ಹಂಚಿನ ಗುರುತು ಅಂಚು ಕತ್ತರಿಸಿದವರದ್ದೇ ಇರಬೇಕು.

ಜೆಪ್ಪುವಿನ ಮೊಮ್ಮಗಳು:
ಇದನ್ನೆಲ್ಲ ಅಜ್ಜಿಗೆ ಓದಿ ಹೇಳಿದೆ. ಅವರ ಅಮ್ಮನೂ ಅಂಚು ಕತ್ತರಿಸುವ ಕೆಲಸದಲ್ಲೇ ಇದ್ದರಂತೆ. ಇಷ್ಟು ವರ್ಷದಲ್ಲಿ ನಾವು ಯಾರೂ ಕೇಳಿರಲಿಲ್ಲ. ಹಂಚನ್ನು ತೊಳೆದು ಅವರ ಮಂಚದ ಪಕ್ಕ ಇಟ್ಟಿದ್ದೇನೆ.