ನಿಪಾ: ಮಲೇಷ್ಯಾ ಗೆದ್ದಿತು, ಬಾಂಗ್ಲಾದೇಶ ಸೋತಿತು ಎನ್ನಬಹುದೇ?

ಕರಾವಳಿ ಓದುಗ

ಮಲೇಷ್ಯಾದಲ್ಲಿ 1998ರ ಸೆಪ್ಟೆಂಬರ್‌ನಿಂದ 1999ರ ಮೇ ತಿಂಗಳವರೆಗೆ 265 ಜನರಿಗೆ ನಿಪಾ, ಎಂದರೆ ಬಾವಲಿಗಳಲ್ಲಿರುವ ಒಂದು ವೈರಾಣು, ಹಂದಿಗಳ ಮೂಲಕ ತಗಲಿ 105 ಮಂದಿ ತೀರಿಕೊಂಡರು. ಸರ್ಕಾರ ಸೈನ್ಯವನ್ನು ಇಳಿಸಿ 10 ಲಕ್ಷಕ್ಕೂ ಹೆಚ್ಚು ಹಂದಿಗಳನ್ನು ಕೊಲ್ಲಿಸಿತು. ಆ ಬಳಿಕ ಅಲ್ಲಿನ ಜನರಲ್ಲಿ ಈ ರೋಗ ಮರುಕಳಿಸಿಲ್ಲ. ಬಾಂಗ್ಲಾದೇಶದಲ್ಲಾದರೋ 2001ರಿಂದ ಹೆಚ್ಚುಕಡಿಮೆ ಪ್ರತಿ ಚಳಿಗಾಲದಲ್ಲೂ ಅದು ಬರುತ್ತಿದೆ, ತಗಲಿದವರಲ್ಲಿ ನೂರಕ್ಕೆ ಸುಮಾರು 70 ಮಂದಿ ಉಳಿಯುತ್ತಿಲ್ಲ. ಒಂದು ದೇಶ ಕಠಿಣ ನಿರ್ಧಾರ ಕೈಗೊಂಡಿತು, ಇನ್ನೊಂದು ತಿಳಿವಳಿಕೆ ಹೇಳುವುದರಲ್ಲೇ ಉಳಿಯಿತು ಎಂಬುದು ನನ್ನ ಅಭಿಪ್ರಾಯ. ತಪ್ಪಿದ್ದರೆ ತಿಳಿಸಿ.

ನಿವೃತ್ತ ಪಶುವೈದ್ಯ

ನೀವು ಮಲೇಷ್ಯಾದ ಕಥೆಯನ್ನು ಅದರ ಕೊನೆಯ ಎರಡು ತಿಂಗಳಿಂದ ಹೇಳುತ್ತಿದ್ದೀರಿ. ಪೆರಾಕ್ ರಾಜ್ಯದ ಇಪೋ ನಗರದ ಸುತ್ತ ಮೊದಲ ರೋಗಿಗಳು ಕಾಣಿಸಿಕೊಂಡಾಗ ಅಧಿಕಾರಿಗಳು ಅದನ್ನು ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ಸೊಳ್ಳೆಯಿಂದ ಬರುವ ಮಿದುಳು ಜ್ವರ, ಎಂದು ನಂಬಿ ತಿಂಗಳುಗಟ್ಟಲೆ ಹೊಗೆ ಹಾಕಿಸಿದರು, ಲಸಿಕೆ ಹಾಕಿಸಿದರು. ಆ ಜ್ವರ ಹೆಚ್ಚಾಗಿ ಮಕ್ಕಳನ್ನು ಕಾಡುವಂಥದ್ದು. ಇಲ್ಲಿ ಮಲಗಿದವರು ಹಂದಿ ಸಾಕುವ ಚೀನೀ ಮೂಲದ ವಯಸ್ಕ ಗಂಡಸರು. ಲಸಿಕೆ ಹಾಕಿಸಿಕೊಂಡವರಿಗೂ ರೋಗ ಬಂತು. ಅದೇ ಸೊಳ್ಳೆಗಳ ನಡುವೆ ಬದುಕಿದ್ದ, ಹಂದಿಯನ್ನು ಮುಟ್ಟದ ಮಲಯ್ ನೆರೆಯವರಿಗೆ ಬರಲಿಲ್ಲ. ಇಷ್ಟು ಸುಳಿವುಗಳಿದ್ದೂ ದಿಕ್ಕು ಬದಲಾಗಲಿಲ್ಲ. ಈ ನಡುವೆ ಕಂಗಾಲಾದ ರೈತರು ಹಂದಿಗಳನ್ನು ಸಿಕ್ಕಿದ ಬೆಲೆಗೆ ಮಾರಿದ್ದರಿಂದ ರೋಗವು ಲಾರಿಗಳಲ್ಲಿ ದಕ್ಷಿಣದ ನೆಗೆರಿ ಸೆಂಬಿಲಾನ್‌ಗೆ ಹೋಯಿತು, ಅತಿ ಹೆಚ್ಚು ಸಾವುನೋವು ಆದದ್ದು ಅಲ್ಲೇ. 1999ರ ಮಾರ್ಚ್‌ನಲ್ಲಿ ಮಲಯಾ ವಿಶ್ವವಿದ್ಯಾಲಯದ ಚುವಾ ಕಾವ್ ಬಿಂಗ್ ಹೊಸ ವೈರಾಣುವನ್ನು ಪತ್ತೆಹಚ್ಚಿ ಮಾದರಿಯನ್ನು ಅಮೆರಿಕಕ್ಕೆ ಒಯ್ದ ಮೇಲೆಯೇ ಸರ್ಕಾರದ ದಾರಿ ಬದಲಾದದ್ದು. ಆ ಸಾಮೂಹಿಕ ಹತ್ಯೆ ಅನಿವಾರ್ಯವಾಗಿತ್ತು, ಒಪ್ಪುತ್ತೇನೆ. ಆದರೆ ಅಷ್ಟು ದೊಡ್ಡದಾಗಬೇಕಾದ್ದೇ ಮೊದಲು ತಡಮಾಡಿದ್ದರಿಂದ.

ಸಿಂಗಪುರದ ಕನ್ನಡಿಗ

ನಮ್ಮ ಈ ಊರಿನ ಉದಾಹರಣೆಯನ್ನೂ ಸೇರಿಸಿಕೊಳ್ಳಿ. ಮಲೇಷ್ಯಾದಿಂದ ಬಂದ ಹಂದಿಗಳ ಮೂಲಕ ಇಲ್ಲಿನ ಕಸಾಯಿಖಾನೆಯ 11 ಕೆಲಸಗಾರರಿಗೆ ಸೋಂಕು ತಗಲಿತು, ಒಬ್ಬರು ಸತ್ತರು. ಆಮದು ನಿಂತೊಡನೆ ರೋಗವೂ ನಿಂತಿತು. ಇದನ್ನು ದಕ್ಷತೆ ಎಂದು ಹೊಗಳುವುದು ವಾಡಿಕೆ; ಆದರೆ ಒಂದು ಸೇತುವೆಯ ಮೇಲೆ ಬರುವ ಲಾರಿಗಳನ್ನು ತಡೆಯುವುದಕ್ಕೂ ಒಂದು ನಾಡಿನ ತುಂಬ ಹರಡಿರುವ ಮರಗಳನ್ನು ಕಾಯುವುದಕ್ಕೂ ವ್ಯತ್ಯಾಸವಿದೆ.

ಸಾರ್ವಜನಿಕ ಆರೋಗ್ಯ ವಿದ್ಯಾರ್ಥಿನಿ

ಆ ಮರಗಳ ವಿಷಯಕ್ಕೇ ಬರುತ್ತೇನೆ, ಏಕೆಂದರೆ ಬಾಂಗ್ಲಾದೇಶವನ್ನು ಸೋತ ದೇಶ ಎನ್ನುವವರು ಅಲ್ಲಿ ವೈರಾಣು ಮನುಷ್ಯನನ್ನು ಮುಟ್ಟುವ ಬಗೆಯನ್ನೇ ಗಮನಿಸಿಲ್ಲ. ಅಲ್ಲಿ ನಡುವೆ ಹಂದಿಯಿಲ್ಲ. ಚಳಿಗಾಲದ ಸಂಜೆ ಗಾಛಿ, ಎಂದರೆ ರಸ ಇಳಿಸುವವನು, ಖರ್ಜೂರದ ಜಾತಿಯ ಈಚಲು ಮರದ ಮೇಲ್ಭಾಗವನ್ನು ಹೆರೆದು ಮಡಕೆ ಕಟ್ಟಿ ಇಳಿಯುತ್ತಾನೆ. ರಾತ್ರಿ ಬಾವಲಿಗಳು ಹೆರೆದ ಜಾಗವನ್ನೇ ನೆಕ್ಕುವುದು, ಮಡಕೆಯ ಬಳಿ ಮೂತ್ರ ಮಾಡುವುದು ಇನ್‌ಫ್ರಾರೆಡ್ ಕ್ಯಾಮೆರಾಗಳಲ್ಲಿ ಸ್ಪಷ್ಟವಾಗಿ ಕಂಡಿದೆ. ಬೆಳಗಾಗುತ್ತಲೇ ಆ ರಸವನ್ನು ಹಸಿಯಾಗಿ ಕುಡಿಯುತ್ತಾರೆ. ಕಾಯಿಸಿ ಬೆಲ್ಲ ಮಾಡಿದರೆ ಅಪಾಯವಿಲ್ಲ. ಹೆರೆದ ಜಾಗವನ್ನೂ ಮಡಕೆಯನ್ನೂ ಮುಚ್ಚುವ ಬಿದಿರಿನ ತಟ್ಟಿಗೆ ಅಲ್ಲಿ ಬಾನಾ ಎನ್ನುತ್ತಾರೆ. ಅದನ್ನು ಕಟ್ಟಿದರೆ ಬಾವಲಿ ರಸಕ್ಕೆ ಬಾಯಿ ಹಾಕಲಾರದು. ಹಸಿ ರಸವನ್ನು ಕುಡಿಯಲೇಬೇಡಿ ಎನ್ನಬೇಕೇ, ಬಾನಾ ಕಟ್ಟಿದ ಮರದ್ದನ್ನು ಮಾತ್ರ ಕುಡಿಯಿರಿ ಎನ್ನಬೇಕೇ ಎಂಬುದನ್ನು ಹಳ್ಳಿಗಳಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಇದನ್ನು ಬರಿಯ ತಿಳಿವಳಿಕೆ ಎಂದು ತಳ್ಳಿಹಾಕುವುದು ಅನ್ಯಾಯ.

ಕರಾವಳಿ ಓದುಗ

ಬಾನಾ ಅಷ್ಟು ಅಗ್ಗವಾಗಿ ಕೆಲಸ ಮಾಡುವುದಾದರೆ ಎಲ್ಲ ಮರಗಳಲ್ಲೂ ಏಕಿಲ್ಲ? ಕಾನೂನು ಮಾಡಿ ಕಡ್ಡಾಯಗೊಳಿಸಲಿ.

ಸಾರ್ವಜನಿಕ ಆರೋಗ್ಯ ವಿದ್ಯಾರ್ಥಿನಿ

ಕಟ್ಟುವ ಶ್ರಮ ಗಾಛಿಯದು, ಲಾಭ ಕುಡಿಯುವವನದು. ಬೆಲ್ಲಕ್ಕೆ ಹೋಗುವ ರಸಕ್ಕೆ ಬಾನಾ ಬೇಕಿಲ್ಲ, ಮತ್ತು ಮರದ ಬುಡದಲ್ಲಿ ನಿಂತು ಒಂದು ಲೋಟ ಹಸಿ ರಸ ಕೇಳಿದವನಿಗೆ ಯಾವ ಕಾನೂನು ಅಡ್ಡಬರುತ್ತದೆ? ಹಂದಿಸಾಕಣೆಗೆ ಮಾಲೀಕನಿದ್ದಾನೆ, ಪರವಾನಗಿ ಇದೆ, ಗೇಟು ಇದೆ.

ಶುಶ್ರೂಷಕಿ

ಈ ಚರ್ಚೆಯಲ್ಲಿ ಆಸ್ಪತ್ರೆಯ ಮಾತೇ ಬಂದಿಲ್ಲ. ಮಲೇಷ್ಯಾದಲ್ಲಿ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು ತೀರ ಕಡಿಮೆ. ಬಾಂಗ್ಲಾದೇಶದ ಫರೀದ್‌ಪುರದಲ್ಲಿ 2004ರಲ್ಲಿ ಕಾಯಿಲೆ ಬಿದ್ದ ಧಾರ್ಮಿಕ ಮುಖಂಡರೊಬ್ಬರನ್ನು ನೋಡಲು ಬಂದ ಅನುಯಾಯಿಗಳಿಗೇ ಅದು ತಗಲಿತು. ನಮ್ಮ ದೇಶದಲ್ಲಿ 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯ 66 ರೋಗಿಗಳಲ್ಲಿ ಬಹುಪಾಲು ಜನರಿಗೆ ಸೋಂಕು ಬಂದದ್ದು ಆಸ್ಪತ್ರೆಗಳ ನಂಟಿನಿಂದ, ಮತ್ತು ಅದು ನಿಪಾ ಎಂದು ಖಚಿತವಾಗುವಷ್ಟರಲ್ಲಿ ವರ್ಷಗಳೇ ಕಳೆದಿದ್ದವು. 2018ರ ಮೇ ತಿಂಗಳಲ್ಲಿ ಕೋಳಿಕ್ಕೋಡಿನ ಪೇರಾಂಬ್ರದಲ್ಲಿ ಒಂದೇ ಮನೆಯ ಎರಡನೆಯ ರೋಗಿಯನ್ನು ಕಂಡ ವೈದ್ಯರಿಗೆ ಅನುಮಾನ ಬಂದು, ಮಾದರಿಗಳು ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರಕ್ಕೆ ಹೋಗಿ, ಪುಣೆಯಲ್ಲಿ ದೃಢಪಟ್ಟು, ಎಲ್ಲವೂ ದಿನಗಳೊಳಗೆ ಮುಗಿಯಿತು. ಆದರೂ 17 ಮಂದಿ ಸತ್ತರು, ಅವರಲ್ಲಿ ಶುಶ್ರೂಷಕಿ ಲಿನಿಯೂ ಇದ್ದರು. ಒಂದೇ ದೇಶದ ಎರಡು ಊರುಗಳ ನಡುವೆ ಇಷ್ಟು ಅಂತರವಿರುವಾಗ ದೇಶ ದೇಶಗಳಿಗೆ ಅಂಕ ಕೊಡುವುದು ನನಗೆ ಸರಿಕಾಣುವುದಿಲ್ಲ.

ಕರಾವಳಿ ಓದುಗ

ಅಂಕ ಬೇಡವೆಂದರೆ ಹೊಣೆಯೂ ಬೇಡವೆಂದಾಗುತ್ತದೆ. ಸಿಲಿಗುರಿಯ ತಡವನ್ನು ನಾನು ವೈಫಲ್ಯವೆಂದೇ ಕರೆಯುತ್ತೇನೆ.

ನಿವೃತ್ತ ಪಶುವೈದ್ಯ

ಕರೆಯಿರಿ, ಆದರೆ ಹಾಗಿದ್ದರೆ ಮಲೇಷ್ಯಾದ ಸೊಳ್ಳೆಯ ಹೊಗೆಯನ್ನೂ ಅದೇ ಪಟ್ಟಿಗೆ ಸೇರಿಸಿ. ಮತ್ತೊಂದು ಮಾತು. ಆ ದೇಶದಲ್ಲಿ ನನಗೆ ನಿಜಕ್ಕೂ ಮೆಚ್ಚುಗೆಯಾದದ್ದು ಬಂದೂಕಲ್ಲ. ಹಂದಿಗೂಡುಗಳ ಪಕ್ಕದಲ್ಲೇ ಮಾವು ಮುಂತಾದ ಹಣ್ಣಿನ ಮರ ಬೆಳೆಸುವುದು ಅಲ್ಲಿ ರೂಢಿಯಾಗಿತ್ತು. ಬಾವಲಿ ಕಚ್ಚಿ ಬೀಳಿಸಿದ ಹಣ್ಣು ನೇರ ಹಂದಿಯ ಬಾಯಿಗೆ ಹೋಗುತ್ತಿತ್ತು. ಗೂಡುಗಳ ಬಳಿ ಅಂಥ ಮರಗಳು ಇರಬಾರದು ಎಂಬ ನಿಯಮ ಬಂದದ್ದು ಆಮೇಲೆ. ಹಂದಿಗಳನ್ನು ಒಮ್ಮೆ ಮಾತ್ರ ಕೊಂದರು, ಆ ನಿಯಮ ಇಂದಿಗೂ ಬೇಕು.